ಗೆಲ್ಲೋದು ಸೋಲೋದು ಮೊದಲೇ ಫಿಕ್ಸ್, ಹಾಗಿದ್ರೆ ನಯಾ ಜ್ಯಾಕ್ಸ್ ಕಾನ್ಫಿಡೆನ್ಸೂ ಆಕ್ಟಿಂಗೇನಾ?

ಪ್ರಶ್ನೆ: ಡಬ್ಲ್ಯುಡಬ್ಲ್ಯುಇ ಕುಸ್ತಿ ಶೋಲಿ ಯಾರು ಗೆಲ್ಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ. ಹಾಗಿರುವಾಗ ನಯಾ ಜ್ಯಾಕ್ಸ್ ಥರದ ದಪ್ಪ ಮೈಯ ಕುಸ್ತಿಪಟುಗಳನ್ನ ಬಾಡಿ ಪಾಸಿಟಿವಿಟಿಗೆ (ಮೈ ಹೇಗಿದ್ರೂ ಹೆಮ್ಮೆಯಿಂದ ಇರೋದಕ್ಕೆ) ಉದಾಹರಣೆ ಅಂತ ಯಾಕೆ ಹೇಳ್ತಾರೆ? ಕಂಪನಿಯವರು ಚಾಂಪಿಯನ್ ಮಾಡಿದ್ರು, ಆದ್ಲು. ಅದ್ರಲ್ಲಿ ಅವಳದ್ದು ಅಂತ ಏನಿದೆ?

ಉತ್ತರ: ರಿಸಲ್ಟ್ ವಿಷಯದಲ್ಲಿ ನೀವು ಹೇಳಿದ್ದು ಸರಿ, ಅದರಲ್ಲಿ ವಾದ ಇಲ್ಲ. ಚಾಂಪಿಯನ್ ಬೆಲ್ಟ್ ಯಾರ ಸೊಂಟಕ್ಕೆ ಅನ್ನೋದನ್ನ ತೀರ್ಮಾನ ಮಾಡೋರು ರಿಂಗ್ ಹೊರಗೆ ಕೂತಿರ್ತಾರೆ. ಆದ್ರೆ ಆ ತೀರ್ಮಾನನ ರಿಂಗಲ್ಲಿ ಮಾಡಿ ತೋರಿಸೋದು ಒಂದು ನಿಜವಾದ ಮೈ ಅಲ್ವಾ, ಅದು ಬೀಳುತ್ತೆ, ನೋಯುತ್ತೆ, ಅದರ ಲಿಗಮೆಂಟ್ ಹರಿಯುತ್ತೆ, ಮತ್ತೆ ಅದನ್ನ ನೋಡಿ ಜನ ಕೂಗೋ ಮಾತಿಗೆ ಯಾವ ಸ್ಕ್ರಿಪ್ಟೂ ಇರಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಯಾ ವಿಷಯದಲ್ಲಿ "ಆಹಾ ಎಂಥಾ ಸ್ಫೂರ್ತಿ" ಅನ್ನೋರೂ ಪೂರ್ತಿ ಕಥೆ ಹೇಳಲ್ಲ, "ಎಲ್ಲಾ ನಾಟಕ" ಅನ್ನೋರೂ ಹೇಳಲ್ಲ.

ಅವಳ ನಿಜವಾದ ಹೆಸರು ಸವೆಲಿನಾ ಫನೇನೆ. 1984ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಲಿ ಹುಟ್ಟಿದ್ದು, ಅಪ್ಪ ಸಮೋವಾ ಮೂಲದವರು, ಅಮ್ಮ ಜರ್ಮನ್. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕಾಲೇಜ್ ಬಾಸ್ಕೆಟ್‌ಬಾಲ್ ಆಡಿ, ಪ್ಲಸ್ ಸೈಜ್ ಮಾಡೆಲಿಂಗ್ ಮಾಡಿ, 2014ರಲ್ಲಿ ಡಬ್ಲ್ಯುಡಬ್ಲ್ಯುಇ ಸೇರಿದ್ಲು. ದಿ ರಾಕ್ ಇವಳಿಗೆ ಸಂಬಂಧಿ, ಹಂಗಾಗಿ "ಮನೆತನದ ಹೆಸರಲ್ಲಿ ಒಳಗೆ ಬಂದ್ಲು" ಅಂತ ಮೊದಲ ದಿನದಿಂದಲೂ ಆಡ್ಕೊಂಡ್ರು. ಇರಬಹುದು. ಆದ್ರೆ ಮಾಡೆಲಿಂಗ್ ಮಾಡಿದ್ಲು ಅನ್ನೋದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ಜನ ಇವಳ ಕಾನ್ಫಿಡೆನ್ಸ್ ಬೆಲ್ಟ್ ಜೊತೆ ಬಂತು ಅಂದ್ಕೊಂಡಿದಾರೆ. ಹಾಗಲ್ಲ, ಕ್ಯಾಮೆರಾ ಮುಂದೆ ಈ ಮೈಯನ್ನ ನಿಲ್ಲಿಸೋದನ್ನ ಅವಳು ರೆಸ್ಲಿಂಗ್‌ಗೆ ಬರೋ ಮುಂಚೆನೇ ಕೆಲಸ ಅಂತ ಮಾಡ್ತಿದ್ಲು.

ಅವಳು ಬಂದ ಹೊತ್ತನ್ನೂ ನೋಡಿ. ಹೆಣ್ಮಕ್ಕಳ ಬೆಲ್ಟ್ ಅಂದ್ರೆ ಆಗ ಚಿಟ್ಟೆ ಆಕಾರದ ಗುಲಾಬಿ ಬಣ್ಣದ ಡೀವಾಸ್ ಬೆಲ್ಟ್, ಮ್ಯಾಚ್ ಎಷ್ಟೋ ಸಲ ಎರಡು ಮೂರು ನಿಮಿಷ, ಸೆಲೆಕ್ಷನ್‌ನಲ್ಲಿ ಮುಖ ಮೈಕಟ್ಟು ಮೊದಲು ಆಮೇಲೆ ಕುಸ್ತಿ. 2015ರಲ್ಲಿ ಅಭಿಮಾನಿಗಳೇ ಸಿಟ್ಟಾಗಿ ಹ್ಯಾಶ್‌ಟ್ಯಾಗ್ ಎಬ್ಬಿಸಿದ್ರು, 2016ರ ಏಪ್ರಿಲ್‌ನಲ್ಲಿ ಆ ಚಿಟ್ಟೆ ಬೆಲ್ಟ್ ಮೂಲೆ ಸೇರಿ ಗಂಡಸರ ಬೆಲ್ಟ್ ಥರದ್ದೇ ಒಂದು ಬಂತು, ಅದಾಗಿ ಮೂರೇ ತಿಂಗಳಿಗೆ ನಯಾ ಮೇನ್ ರೋಸ್ಟರ್‌ಗೆ, ಅಂದ್ರೆ ಕಂಪನಿಯ ಮುಖ್ಯ ಟೀವಿ ಶೋಗಳಿಗೆ, ಕಾಲಿಟ್ಲು. ಇನ್ನೂ ಐದು ವರ್ಷ ಮುಂಚೆ ಬಂದಿದ್ರೆ ಇವಳಿಗೆ ಜಾಗ ಸಿಕ್ತಿತ್ತಾ? ನನಗಂತೂ ಡೌಟು.

ಈಗ 2018ರ ಕಥೆಗೆ ಬರೋಣ, ನಿಮ್ಮ ಪ್ರಶ್ನೆಯ ಗಂಟು ಇರೋದೇ ಇಲ್ಲಿ. ಅಲೆಕ್ಸಾ ಬ್ಲಿಸ್ ಅಂತ ಐದಡಿ ಒಂದಿಂಚಿನ ಪುಟ್ಟ ಹುಡುಗಿ ಆಗ ಚಾಂಪಿಯನ್, ಕಥೆಯಲ್ಲಿ ನಯಾಳ ಬೆಸ್ಟ್ ಫ್ರೆಂಡ್. ಒಂದಿನ ಮೈಕ್ ಆನ್ ಇರೋದು ಗೊತ್ತಿಲ್ಲದೆ ಅಲೆಕ್ಸಾ ಮತ್ತೆ ಇನ್ನೊಬ್ಬ ಕುಸ್ತಿಪಟು ಮಿಕಿ ಜೇಮ್ಸ್ ಇಬ್ರೂ ಬ್ಯಾಕ್‌ಸ್ಟೇಜಲ್ಲಿ ಕೂತು ನಯಾ ಬಗ್ಗೆ ನಗಾಡ್ತಾರೆ, ಅದು ಇಡೀ ಅರೀನಾಗೆ ಕೇಳುತ್ತೆ, ನಯಾ ನಿಂತಲ್ಲೇ ಕಣ್ಣಲ್ಲಿ ನೀರು ಹಾಕ್ಕೊಳ್ತಾಳೆ. ಸ್ಕ್ರಿಪ್ಟ್ ಹೌದು. ಆದ್ರೆ ಸ್ಕ್ರಿಪ್ಟ್ ಹಿಂದಿರೋ ಜನಗಳನ್ನ ಒಂಚೂರು ನೋಡಿ. ನಗಾಡಿದ ಮಿಕಿ ಜೇಮ್ಸ್‌ನ ಇದೇ ಕಂಪನಿ 2009ರ ಕೊನೆಗೆ "ಪಿಗಿ ಜೇಮ್ಸ್" ಅಂತ ಹಂದಿಗೆ ಹೋಲಿಸಿ ತಿಂಗಳುಗಟ್ಟಲೆ ಟೀವಿಲಿ ಆಡ್ಕೊಂಡಿತ್ತು, ಅವಳು ದಪ್ಪನೂ ಇರಲಿಲ್ಲ! 2010ರ ರಾಯಲ್ ರಂಬಲ್ ಅನ್ನೋ ದೊಡ್ಡ ಶೋನಲ್ಲಿ ಅವಳನ್ನ ಸುಮಾರು 20 ಸೆಕೆಂಡಲ್ಲಿ ಗೆಲ್ಲಿಸಿ ಲೆಕ್ಕ ಚುಕ್ತಾ ಅಂದ್ಬಿಟ್ರು. ಎಂಟು ವರ್ಷ ಆದ್ಮೇಲೆ ಅದೇ ಮಿಕಿ ಇನ್ನೊಬ್ಬಳನ್ನ ಆಡ್ಕೊಳ್ಳೋ ಹಂಗೆ ಮಾಡಿದ್ರು. ಇನ್ನು ಅಲೆಕ್ಸಾ, ಹದಿಹರೆಯದಲ್ಲಿ ಅನೊರೆಕ್ಸಿಯಾ (ದಪ್ಪ ಆಗ್ತೀನಿ ಅನ್ನೋ ಭಯದಲ್ಲಿ ಊಟ ಬಿಡೋ ಕಾಯಿಲೆ) ಜೊತೆ ಒದ್ದಾಡಿದ್ದನ್ನ ತಾನೇ ಬಹಿರಂಗವಾಗಿ ಹೇಳ್ಕೊಂಡಿರೋಳು. ಅಂದ್ರೆ ಆ ಸೀನಲ್ಲಿ ಇದ್ದ ಮೂರೂ ಜನಕ್ಕೆ ಆ ಮಾತಿನ ಚುಚ್ಚು ಏನು ಅಂತ ಗೊತ್ತಿತ್ತು, ಸಣ್ಣಗಿದ್ದವಳಿಗೂ ಗೊತ್ತಿತ್ತು. ಆಮೇಲಿಂದ ನಾನು ಆ ಸೀನ್ ನೋಡುವಾಗೆಲ್ಲ ಡೈಲಾಗಿಗಿಂತ ಅವರ ಮುಖ ನೋಡ್ತೀನಿ.

2018 ಏಪ್ರಿಲ್ 8, ನ್ಯೂ ಆರ್ಲಿಯನ್ಸ್, ರೆಸಲ್‌ಮೇನಿಯಾ 34, ಕಂಪನಿ ಲೆಕ್ಕದಲ್ಲಿ 78,133 ಜನ. ನಯಾ ಅಲೆಕ್ಸಾನ ಹಗ್ಗದ ಮೇಲಿಂದ ಸಮೋವನ್ ಡ್ರಾಪ್ (ಎದುರಾಳಿನ ಹೆಗಲ ಮೇಲೆ ಹೊತ್ಕೊಂಡು ಹಿಂದಕ್ಕೆ ಬೀಳೋ ಪಟ್ಟು) ಹಾಕಿ ರಾ ಶೋನ ಹೆಣ್ಮಕ್ಕಳ ಬೆಲ್ಟ್ ಗೆದ್ಲು, ಅಳ್ತಾ ನಿಂತ್ಲು. ಮುಂದಿನ ತಿಂಗಳು ಬ್ಯಾಕ್‌ಲ್ಯಾಶ್‌ನಲ್ಲಿ ಇನ್ನೊಂದ್ಸಲ ಗೆದ್ದು ಬುಲ್ಲಿ ಮಾಡೋರ ಬಗ್ಗೆ ಮೈಕ್ ಹಿಡಿದು ಒಂದು ಭಾಷಣನೂ ಆಯ್ತು. ಚೆನ್ನಾಗಿತ್ತು, ಸ್ವಲ್ಪ ಉಪದೇಶ ಜಾಸ್ತಿ ಆಯ್ತು ಅಷ್ಟೇ. ಆಮೇಲೆ ಏನಾಯ್ತು? ಕಂಪನಿಗೆ ಹೊಸದಾಗಿ ಬಂದಿದ್ದ ಸ್ಟಾರ್ ರೋಂಡಾ ರೌಸಿ ಜೊತೆ ಮ್ಯಾಚ್ ಬೇಕಿತ್ತು, ರೋಂಡಾನ ಹೀರೋ ಮಾಡ್ಬೇಕಿತ್ತು, ಹಂಗಾಗಿ ಬುಲ್ಲಿಗಳ ವಿರುದ್ಧ ಮಾತಾಡಿದ ನಯಾನನ್ನೇ ಕಥೆಯಲ್ಲಿ ಬುಲ್ಲಿ ಪಾತ್ರಕ್ಕೆ ಹಾಕಿಬಿಟ್ರು. ಜೂನ್ 17ಕ್ಕೆ ಮನಿ ಇನ್ ದ ಬ್ಯಾಂಕ್‌ನಲ್ಲಿ ಅದೇ ಅಲೆಕ್ಸಾ ಬ್ರೀಫ್‌ಕೇಸ್ ಕ್ಯಾಶ್ ಇನ್ ಮಾಡಿ (ಅದನ್ನ ಗೆದ್ದೋರು ಯಾವಾಗ ಬೇಕಾದ್ರೂ ಚಾಂಪಿಯನ್ ಜೊತೆ ಮ್ಯಾಚ್ ಕೇಳ್ಬಹುದು) ಬೆಲ್ಟ್ ವಾಪಸ್ ಇಸ್ಕೊಂಡ್ಲು. 70 ದಿನ. ಬಾಡಿ ಪಾಸಿಟಿವಿಟಿ ಅನ್ನೋದು ಕಂಪನಿಗೆ ಒಂದು ಸೀಸನ್ ಸರಕು, ಮುಗೀತು, ಮುಂದಿನ ಪಾರ್ಸೆಲ್. ಈ ಜಾಗದಲ್ಲಿ ನಿಮ್ಮ ಅನುಮಾನಕ್ಕೆ ನನ್ನ ಪೂರ್ತಿ ಓಟು.

ಇದು ನಯಾ ಒಬ್ಬಳ ಪಾಡೂ ಅಲ್ಲ. ರೋಂಡಾ ಸಿಂಗ್ ಅಂತ ಕೆನಡಾದವಳೊಬ್ಬಳಿದ್ಲು, ಜಪಾನ್‌ಗೆ ಹೋಗಿ ಮಾನ್ಸ್ಟರ್ ರಿಪ್ಪರ್ ಅನ್ನೋ ಹೆಸರಲ್ಲಿ ಜನ ಹೆದರಿ ಗೌರವ ಕೊಡೋ ಮಟ್ಟಕ್ಕೆ ಬೆಳೆದಿದ್ಲು, ಅಲ್ಲಿನ ದೊಡ್ಡ ಟೈಟಲ್ ಗೆದ್ದಿದ್ಲು. 1995ರಲ್ಲಿ ಅವಳನ್ನ ಅಮೆರಿಕಕ್ಕೆ ಕರ್ಕೊಂಡ್ಬಂದು ಬರ್ತಾ ಫೇ ಅಂತ ಹೆಸರಿಟ್ಟು, ಕೋಡಂಗಿ ಥರ ಬಟ್ಟೆ ಹಾಕಿಸಿ, ಪೀಚಲು ಬಾಯ್‌ಫ್ರೆಂಡ್ ಒಬ್ಬನನ್ನ ಪಕ್ಕಕ್ಕೆ ನಿಲ್ಲಿಸಿ ಕಾಮಿಡಿ ಮಾಡಿದ್ರು. ಆ ವರ್ಷ ಸಮ್ಮರ್‌ಸ್ಲ್ಯಾಮ್‌ನಲ್ಲಿ ಬೆಲ್ಟೂ ಕೊಟ್ರು, ಆದ್ರೆ ಆ ಬೆಲ್ಟೂ ಜೋಕಿನ ಭಾಗನೇ ಆಗಿತ್ತು. ಮೈ ಅದೇ, ಆಟ ಅದೇ, ಒಂದು ಕಡೆ ಭಯ, ಇನ್ನೊಂದು ಕಡೆ ನಗು. ಅದಕ್ಕೆ ನಾನು ಹೇಳೋದು, ಗೆಲ್ಲಿಸಿದ್ರಾ ಅನ್ನೋದಕ್ಕಿಂತ ಹೇಗೆ ತೋರಿಸಿದ್ರು ಅನ್ನೋದೇ ದೊಡ್ಡದು. ಜಪಾನಿನ ಕುಸ್ತಿಪಟು ಬುಲ್ ನಕಾನೋನ ನೋಡಿ, ನೆಟ್ಟಗೆ ನಿಂತ ಕೂದಲು, ಬಣ್ಣ ಬಳ್ಕೊಂಡ ಮುಖ, ದೊಡ್ಡ ಶರೀರ, 1994ರ ನವೆಂಬರ್‌ನಲ್ಲಿ ಟೋಕಿಯೋ ಡೋಮ್‌ನಲ್ಲಿ ಡಬ್ಲ್ಯುಡಬ್ಲ್ಯುಎಫ್ (ಡಬ್ಲ್ಯುಡಬ್ಲ್ಯುಇಯ ಹಳೇ ಹೆಸರು) ಬೆಲ್ಟ್ ಗೆದ್ದಾಗ ಯಾರೂ ನಗಲಿಲ್ಲ, 2024ರಲ್ಲಿ ಹಾಲ್ ಆಫ್ ಫೇಮ್‌ಗೂ ಸೇರಿಸಿದ್ರು. ಆಸಮ್ ಕಾಂಗ್ ಕೂಡ ಹಂಗೇ ಜಪಾನಲ್ಲಿ ಪಳಗಿ ಬಂದು 2008ರಲ್ಲಿ ಟಿಎನ್‌ಎ ಅನ್ನೋ ಇನ್ನೊಂದು ಕುಸ್ತಿ ಕಂಪನಿಯಲ್ಲಿ ಗೇಲ್ ಕಿಮ್ ಹತ್ರ ಬೆಲ್ಟ್ ತಗೊಂಡ್ಲು, ಇವತ್ತಿಗೂ ಆ ಜೋಡಿ ಮ್ಯಾಚ್‌ಗಳ ಮುಂದೆ ಎಷ್ಟೋ ಗಂಡಸರ ಮ್ಯಾಚ್ ಸಪ್ಪೆ ಅನ್ಸುತ್ತೆ ನನಗೆ.

ಇನ್ನೊಂದು ಮಾತು, ಗಂಡಸರು ರಿಂಗಿಗೆ ಬರ್ತಿದ್ರೆ ಅನೌನ್ಸರ್ ಇಷ್ಟು ಪೌಂಡ್ ಅಂತ ತೂಕನ ಗತ್ತಿಂದ ಹೇಳ್ತಾರೆ, ಹೆಣ್ಮಕ್ಕಳು ಬಂದ್ರೆ ಸಾಮಾನ್ಯವಾಗಿ ತೂಕದ ಸುದ್ದಿನೇ ಎತ್ತಲ್ಲ. ಒಬ್ಬರಿಗೆ ಬಿರುದು, ಇನ್ನೊಬ್ಬರಿಗೆ ಗುಟ್ಟು.

ಸರಿ, ನಯಾ ಕಡೆಯ ತಪ್ಪಿಗೂ ಬರೋಣ, ಇಲ್ಲಾಂದ್ರೆ ನಾನು ಫ್ಯಾನ್ ಅಂತ ಬರೆದಂಗಾಗುತ್ತೆ. 2018 ನವೆಂಬರ್ 12, ರಾ ಶೋ, ಗಲಾಟೆ ಮಧ್ಯೆ ನಯಾ ಬೀಸಿದ ಗುದ್ದು ಇನ್ನೊಬ್ಬ ಕುಸ್ತಿಪಟು ಬೆಕಿ ಲಿಂಚ್ ಮುಖಕ್ಕೆ ನಿಜವಾಗ್ಲೂ ಬಿತ್ತು. ಮೂಗು ಮುರೀತು, ಕನ್ಕಷನ್ (ತಲೆಗೆ ಒಳಪೆಟ್ಟು) ಆಯ್ತು, ಆ ವಾರದ ಸರ್ವೈವರ್ ಸೀರೀಸ್ ಮ್ಯಾಚ್ ಕೈತಪ್ಪಿತು. ರಕ್ತ ಸುರೀತಿದ್ರೂ ಬೆಕಿ ಪ್ರೇಕ್ಷಕರ ನಡುವೆ ಕೈ ಚಾಚಿ ನಿಂತ ಫೋಟೋ ಅವಳ ಕರಿಯರನ್ನೇ ಎತ್ತಿತು, ಅದು ಬೇರೆ ಮಾತು. ಬೇರೆಯವರಿಗೂ ಪೆಟ್ಟಾಗಿತ್ತು, ಹಂಗಾಗಿ "ನಯಾ ಜೊತೆ ಆಡೋದು ಸೇಫ್ ಅಲ್ಲ" ಅನ್ನೋ ಮಾತು ಅಂಟ್ಕೊಳ್ತು. ಆ ಟೀಕೆ ನ್ಯಾಯನೇ. ಈ ಆಟದಲ್ಲಿ ಎದುರಿನವರ ಮೈ ನಿಮ್ಮ ಕೈಲಿ ಕೊಟ್ಟಿರ್ತಾರೆ, ಅದನ್ನ ಹುಷಾರಾಗಿ ವಾಪಸ್ ಕೊಡೋದೇ ಕಸುಬು. ಆದ್ರೆ ಜನ ಅಲ್ಲಿಗೆ ನಿಲ್ಲಿಸಲಿಲ್ಲ, ಗುದ್ದಿನ ಬಗ್ಗೆ ಶುರುವಾದ ಮಾತು ಎರಡನೇ ಸಾಲಿಗೆ ಅವಳ ತೊಡೆಗೆ ಹೊಟ್ಟೆಗೆ ಬಂದಿರ್ತಿತ್ತು. ತಪ್ಪು ಗುದ್ದಿಗೂ ಸೊಂಟದ ಅಳತೆಗೂ ಏನು ಸಂಬಂಧ ಹೇಳಿ? ಕಡ್ಡಿ ಥರ ಇರೋರೂ ಎಷ್ಟೋ ಜನರ ಮೂಗು ಹಲ್ಲು ಮುರಿದಿದಾರೆ, ಅವರ ತೂಕ ಯಾರೂ ಕೇಳಲಿಲ್ಲ.

ಎರಡು ತಿಂಗಳಿಗೆ, 2019ರ ರಾಯಲ್ ರಂಬಲ್. ರಂಬಲ್ ಅಂದ್ರೆ 30 ಜನ ಒಬ್ಬೊಬ್ಬರಾಗಿ ರಿಂಗಿಗೆ ಬರೋ ಮ್ಯಾಚ್, ಮೇಲಿನ ಹಗ್ಗದಾಚೆ ಬಿದ್ದೋರು ಔಟ್. ಹೆಣ್ಮಕ್ಕಳ ರಂಬಲ್‌ನಲ್ಲಿ ಆಡಿದ್ದ ನಯಾ ಅದೇ ರಾತ್ರಿ ಗಂಡಸರ ರಂಬಲ್‌ಗೂ 30ನೇ ನಂಬರ್ ಆಗಿ ನುಗ್ಗಿದ್ಲು, ಆರ್ ಟ್ರುತ್‌ಗೆ ಹೊಡೆದು ಅವನ ಜಾಗ ಕಿತ್ಕೊಂಡು. ಚೈನಾ (Chyna), ಬೆತ್ ಫೀನಿಕ್ಸ್, ಕಾರ್ಮಾ ಅನ್ನೋ ಕುಸ್ತಿಪಟುಗಳನ್ನ ಬಿಟ್ರೆ ಅಲ್ಲಿ ಕಾಲಿಟ್ಟ ನಾಲ್ಕನೇ ಹೆಣ್ಣು ಅವಳೇ. (ಕಾರ್ಮಾ ಅಂದ್ರೆ ಮೇಲೆ ಹೇಳಿದ ಆಸಮ್ ಕಾಂಗೇ, ಹೆಸರು ಬದಲಾಗಿತ್ತು.) ಅಲ್ಲಿ ಡಾಲ್ಫ್ ಝಿಗ್ಲರ್ ಸೂಪರ್‌ಕಿಕ್, ರೇ ಮಿಸ್ಟೀರಿಯೋ 619, ರ‍್ಯಾಂಡಿ ಆರ್ಟನ್ ಆರ್‌ಕೆಓ, ಮೂರೂ ಜನರ ಖಾಸಾ ಪಟ್ಟು ಒಂದರ ಹಿಂದೆ ಒಂದು ಅವಳ ಮೇಲೆ. ಯಾರೂ ಕರುಣೆ ತೋರಿಸಲಿಲ್ಲ, ನನಗೆ ಅದೇ ಇಷ್ಟ ಆಯ್ತು.

ಅದಾಗಿ ಕೆಲವೇ ತಿಂಗಳಲ್ಲಿ ಎರಡೂ ಮಂಡಿಯ ಎಸಿಎಲ್ ಅನ್ನೋ ಲಿಗಮೆಂಟ್ ಆಪರೇಷನ್, ಹತ್ರ ಹತ್ರ ಒಂದು ವರ್ಷ ಮನೆಲಿ. ಇದನ್ನ ಯಾವ ರೈಟರೂ ಬರೀಲಿಲ್ಲ. ವಾಪಸ್ ಬಂದು 2020ರಲ್ಲಿ ಶೇನಾ ಬಾಜ್ಲರ್ ಜೊತೆ ಟ್ಯಾಗ್ ಬೆಲ್ಟ್ ಗೆದ್ಲು. 2021ರ ನವೆಂಬರ್‌ನಲ್ಲಿ ಕಂಪನಿ ಕೆಲಸದಿಂದ ತೆಗೀತು. ಮಾನಸಿಕ ಆರೋಗ್ಯಕ್ಕೆ ಅಂತ ರಜೆಯಲ್ಲಿದ್ದೆ, ಇನ್ನೂ ಸ್ವಲ್ಪ ದಿನ ಕೇಳಿದ್ದೆ ಅಂತ ಅವಳೇ ಆಗ ಹೇಳ್ಕೊಂಡ್ಲು. ಬಾಡಿ ಪಾಸಿಟಿವಿಟಿಯ ಪೋಸ್ಟರ್ ಹುಡುಗಿಗೆ ದಿನಾ ಕಾನ್ಫಿಡೆನ್ಸ್ ಉಕ್ಕಿ ಹರೀತಿರುತ್ತೆ ಅಂದ್ಕೊಂಡಿದ್ರೆ ಅದು ತಪ್ಪು, ಅವಳಿಗೂ ಕಷ್ಟದ ದಿನ ಇದ್ವು, ಅದನ್ನ ಬಾಯಿಬಿಟ್ಟು ಹೇಳಿದ್ಲು ಕೂಡ.

2023ರ ರಂಬಲ್‌ನಲ್ಲಿ ಮತ್ತೆ 30ನೇ ನಂಬರ್‌ಗೆ ಬಂದಾಗ ರಿಂಗಲ್ಲಿದ್ದ ಹುಡುಗೀರೆಲ್ಲ ತಮ್ಮ ತಮ್ಮ ಜಗಳ ಬಿಟ್ಟು ಒಟ್ಟಿಗೆ ಸೇರಿ ಇವಳನ್ನ ಹಗ್ಗದಾಚೆ ತಳ್ಳಿದ್ರು. ದಪ್ಪ ಅಂತ ಆಡ್ಕೊಳ್ಳಲಿಲ್ಲ ಅಲ್ಲಿ, ಒಬ್ಬೊಬ್ಬರ ಕೈಲಿ ಆಗಲ್ಲ ಅಂತ ಒಟ್ಟಾದ್ರು, ಎರಡಕ್ಕೂ ವ್ಯತ್ಯಾಸ ಇದೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಪೂರ್ತಿ ವಾಪಸ್. 2024 ಮೇ 25ಕ್ಕೆ ಸೌದಿಯ ಜೆದ್ದಾದಲ್ಲಿ ಕ್ವೀನ್ ಆಫ್ ದ ರಿಂಗ್ ಟೂರ್ನಿ ಗೆದ್ಲು, ಆಗಸ್ಟ್ 3ಕ್ಕೆ ಕ್ಲೀವ್‌ಲ್ಯಾಂಡ್‌ನಲ್ಲಿ ಬೇಲಿ (Bayley) ಅನ್ನೋ ಚಾಂಪಿಯನ್‌ನ ಸೋಲಿಸಿ ಮತ್ತೆ ಚಾಂಪಿಯನ್. ನನ್ನ ಕೇಳಿದ್ರೆ 2018ರದ್ದಕ್ಕಿಂತ ಈ ರನ್ ನೂರು ಪಾಲು ಚೆನ್ನಾಗಿತ್ತು, ಯಾಕಂದ್ರೆ ಕಥೆ ಅವಳ ಮೈ ಬಗ್ಗೆ ಇರಲಿಲ್ಲ. ಕಿರೀಟ ಇಟ್ಕೊಂಡು ಮೆರೆಯೋ ರಾಣಿ, ಪಕ್ಕದಲ್ಲಿ ಬ್ರೀಫ್‌ಕೇಸ್ ಹಿಡ್ಕೊಂಡ ಗೆಳತಿ ಟಿಫನಿ ಸ್ಟ್ರಾಟನ್, ಇವಳು ಯಾವಾಗ ಬೆನ್ನಿಗೆ ಚೂರಿ ಹಾಕ್ತಾಳೆ ಅನ್ನೋದೇ ಕುತೂಹಲ. 2025 ಜನವರಿ 3ಕ್ಕೆ ಹಾಕಿದ್ಲು. ಐದು ತಿಂಗಳ ಆಳ್ವಿಕೆ, ಜನ ಬೈದ್ರು, ರಾಣಿ ಸೊಕ್ಕಿನವಳು ಅಂತ ಬೈದ್ರು. ವಿಲನ್‌ಗೆ ಇನ್ನೇನು ಬೇಕು?

ಹಾಗಾದ್ರೆ ಅವಳದ್ದು ಅಂತ ಏನಿದೆ ಅಂದ್ರಲ್ಲ. ರಿಂಗ್ ಅಂದ್ರೆ ಕೆಳಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಗೆ, ಒಂದು ತೆಳು ಫೋಮ್, ಮೇಲೊಂದು ಕ್ಯಾನ್ವಾಸ್, ಅಷ್ಟೇ, ಹಾಸಿಗೆ ಅಲ್ಲ. ಬೀಳೋಕೆ ಗದ್ದನ ಎದೆಗೆ ಒತ್ಕೊಂಡು, ಬೆನ್ನಿನ ಮೇಲ್ಭಾಗ ಪೂರ್ತಿ ಚಪ್ಪಟೆಯಾಗಿ ಬೀಳೋ ಹಂಗೆ, ಎರಡೂ ಕೈ ನೆಲಕ್ಕೆ ಬಡಿದು ಉಸಿರು ಹೊರಗೆ ಬಿಡೋದನ್ನ ತಿಂಗಳುಗಟ್ಟಲೆ ಕಲೀಬೇಕು, ಅದಕ್ಕೆ ಬಂಪ್ ಅಂತಾರೆ, ಮೈ ಭಾರ ಇದ್ದಷ್ಟೂ ಪ್ರತಿ ಬಂಪ್ ಜಾಸ್ತಿ ತಗಲುತ್ತೆ. ಇನ್ನು ನಯಾಳ ಫಿನಿಷರ್ (ಮ್ಯಾಚ್ ಮುಗಿಸೋ ಪಟ್ಟು) ಅನ್ನಾಯಲೇಟರ್, ಮುಂದಿನ ಸಲ ಯಾವುದಾದ್ರೂ ಮ್ಯಾಚ್ ಸಿಕ್ರೆ ಅದನ್ನ ಸ್ಲೋ ಮಾಡಿ ನೋಡಿ. ಎದುರಾಳಿನ ಮೂಲೆಗೆ ಎಳ್ಕೊಂಡ್ಬಂದು ಮಲಗಿಸ್ತಾಳೆ, ಎರಡನೇ ಹಗ್ಗ ಹತ್ತಿ ಮೇಲಿನ ಹಗ್ಗ ಹಿಡ್ಕೊಂಡು ಜನರ ಕಡೆ ಒಂದ್ಸಲ ನೋಡ್ತಾಳೆ, ಹಾರಿ ಅವರ ಎದೆ ಮೇಲೆ ಕೂರ್ತಾಳೆ. ನಿಮ್ಮ ಕಣ್ಣು ಅವಳ ಸೊಂಟದ ಮೇಲಿರಬಾರದು, ಪಾದದ ಮೇಲಿರಲಿ. ಕೂರೋ ಕ್ಷಣಕ್ಕೆ ಭಾರ ಬಹುಪಾಲು ಅವಳ ಕಾಲಿಗೆ ಹೋಗ್ಬೇಕು, ಕೆಳಗಿರೋಳ ಪಕ್ಕೆಲುಬಿಗೆ ಅಲ್ಲ. ಆಪರೇಷನ್ ಆದ ಅದೇ ಎರಡು ಮಂಡಿ ಅದನ್ನ ಹೊರ್ತಾವೆ, ರಾತ್ರಿ ರಾತ್ರಿ.