ಚಿರೆಕಲ್ಲು ಗೋಡೆಯಲ್ಲಿ ಉಣುಗು

ನಾಯಿಗೆ ತಿಂಗಳು ತಪ್ಪದೆ ಔಷಧ ಹಾಕಿದರೂ ಉಣುಗು (ಉಣ್ಣೆ) ಹೋಗುತ್ತಿಲ್ಲ ಎಂದು ಕಾರವಾರ, ಅಂಕೋಲಾ ಕಡೆಯವರು ಹೇಳಿದರೆ ಮೊದಲು ಕೇಳಬೇಕಾದದ್ದು ಮನೆಯ ಗೋಡೆ ಎಂಥದ್ದು ಎಂದು. ಗಿಲಾವು ಮಾಡದ ಚಿರೆಕಲ್ಲಿನ (ಜಂಬಿಟ್ಟಿಗೆಯ) ತೂತುಗಳು ಕಂದು ಉಣುಗಿಗೆ ಹೇಳಿ ಮಾಡಿಸಿದ ಜಾಗ. ರಕ್ತ ಕುಡಿದು ಅಲಸಂದೆ ಕಾಳಿನಷ್ಟು ಉಬ್ಬಿದ ಹೆಣ್ಣು ಮೈಯಿಂದ ಉದುರಿ, ಗೋಡೆ ಹತ್ತಿ, ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮೇಲಕ್ಕೆ ಹತ್ತುವುದೇ ಅದರ ಸ್ವಭಾವ. ಹಾಗಾಗಿ ನಾಯಿ ಮಲಗುವ ಗೋಣಿ ಒಗೆದರೆ ಸಾಲದು, ಗೋಡೆ ಮಾಡಿಗೆ ಸೇರುವ ಜಾಗವನ್ನೂ ನೋಡಬೇಕು.

ತೂತುಗಳನ್ನು ಸಿಮೆಂಟಿನಿಂದ ಮುಚ್ಚಿ, ಉಳಿದ ಸಂದಿಗಳಿಗೆ ಡೆಲ್ಟಾಮೆಥ್ರಿನ್ ಕೀಟನಾಶಕ ಸಿಂಪಡಿಸಿ. ಮೊಟ್ಟೆಗೆ ಅದು ತಾಗುವುದಿಲ್ಲ. ಮರಿ ಹೊರಬಂದ ಮೇಲೆ ಸಿಗಲಿ ಎಂದೇ ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಹೊಡೆಯುವುದು. ಬಾವಿಕಟ್ಟೆಯ ಹತ್ತಿರ ಬೇಡ, ಮೀನಿಗೆ ಅದು ವಿಷ. ಒಣಗುವ ತನಕ ಬೆಕ್ಕನ್ನು ದೂರ ಇಡಿ.

ನಾಯಿಯ ಮೈಗೆ ಹಚ್ಚುವ ಉಣುಗಿನ ಔಷಧ 12.5% ಅಮಿಟ್ರಾಜ್ ಆದರೆ ಲೀಟರ್ ನೀರಿಗೆ 2ರಿಂದ 4 ಮಿ.ಲೀ. ಮಾತ್ರ. ದನಕ್ಕೆ ತಂದ ಬಾಟಲಿಯಿಂದ ಕಣ್ಣಳತೆಯಲ್ಲಿ ಸುರಿದರೆ ನಾಯಿ ತೂಕಡಿಸಿ ಬೀಳುತ್ತದೆ. ಬೆಕ್ಕು, ಎಳೆ ಮರಿ, ಸಕ್ಕರೆ ಕಾಯಿಲೆಯ ನಾಯಿಗೆ ಇದು ಬೇಡವೇ ಬೇಡ. ಬೆನ್ನಿಗೆ ಬಿಡುವ ಫಿಪ್ರೊನಿಲ್ ಹನಿ ಕೂದಲಿಗಲ್ಲ, ಕೂದಲು ಬಿಡಿಸಿ ಚರ್ಮಕ್ಕೆ ಬೀಳಬೇಕು. ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಇಲ್ಲ. ಸಮುದ್ರಕ್ಕೆ ಇಳಿಯುವುದೂ ಸ್ನಾನವೇ! ಫ್ಲುರಲೇನರ್ ಮಾತ್ರೆ ಊಟದ ಜೊತೆ ಕೊಟ್ಟರೆ 12 ವಾರ ಕೆಲಸ ಮಾಡುತ್ತದೆ. ಅಪಸ್ಮಾರ ಬಂದ ನಾಯಿಯಾದರೆ ವೈದ್ಯರಿಗೆ ಮೊದಲೇ ಹೇಳಿ.

ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಕಂಡರೆ ಉಣುಗಿನಿಂದ ಬರುವ ಎರ್ಲಿಕಿಯಾ ರೋಗದ ಸಂಶಯ. ಬಿಳಿಚಿದ ವಸಡು, ಕಾಫಿ ಬಣ್ಣದ ಮೂತ್ರ ಇದ್ದರೆ ಉಣುಗಿನಿಂದಲೇ ಬರುವ ಇನ್ನೊಂದು ರೋಗ ಬಬೇಸಿಯಾ. ಎರಡೂ ಒಟ್ಟಿಗೆ ಇರುವುದುಂಟು. ಆದ್ದರಿಂದ ಇಂಜೆಕ್ಷನ್‌ಗೆ ಮೊದಲು ರಕ್ತ ಪರೀಕ್ಷೆ ಆಗಲಿ. ಬಬೇಸಿಯಾ ಗಿಬ್ಸೋನಿ ಎಂಬ ಸಣ್ಣ ಜಾತಿ ಮಾಮೂಲಿ ಇಂಜೆಕ್ಷನ್‌ಗೆ ಪೂರ್ತಿ ಬಗ್ಗುವುದಿಲ್ಲ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ 28 ದಿನ, ಊಟದ ಮೇಲೆ. ನಾಲ್ಕನೇ ದಿನ ನಾಯಿ ಅನ್ನ ತಿಂದಿತು ಎಂದು ಮಾತ್ರೆ ನಿಲ್ಲಿಸುವವರೇ ಹೆಚ್ಚು, ರೋಗ ಮರುಕಳಿಸುವುದೂ ಹಾಗೆಯೇ.

ಶಿರಸಿ, ಸಿದ್ದಾಪುರದ ಕತೆ ಬೇರೆ. ಅಲ್ಲಿ ಸೊಪ್ಪಿನ ಬೆಟ್ಟದ ದರಕಿನಲ್ಲಿ (ಉದುರಿದ ಒಣ ಎಲೆಯಲ್ಲಿ) ಇರುವುದು ಕಾಡು ಉಣುಗು. ನವೆಂಬರಿನಿಂದ ಮೇ ತನಕ ಓಡಾಡುವ ಅದರ ಮರಿಗಳು ಎಳ್ಳಿಗಿಂತ ಸಣ್ಣವು. ಮಂಗನ ಕಾಯಿಲೆ ಮನುಷ್ಯರಿಗೆ ತಗಲುವುದು ಹೆಚ್ಚಾಗಿ ಇವುಗಳಿಂದಲೇ. ನಾಯಿಗೆ ಆ ಕಾಯಿಲೆಯ ಕಾಟ ಅಷ್ಟಿಲ್ಲ, ಆದರೆ ಅದು ಉಣುಗನ್ನು ಜಗಲಿಯ ತನಕ ಹೊತ್ತು ತರುತ್ತದೆ. ಆ ತಿಂಗಳುಗಳಲ್ಲಿ ಬೆಟ್ಟ ತಿರುಗಿ ಬಂದ ನಾಯಿಯನ್ನು ಒಳಗೆ ಬಿಡುವ ಮೊದಲು ಕಿವಿಯೊಳಗೆ, ಬೆರಳ ಸಂದಿ, ಬಾಲದ ಬುಡ ನೋಡಿ.

ಕೀಳುವಾಗ ಕೈಗವಸು ಹಾಕಿ, ಚಿಮಟದಿಂದ ಚರ್ಮಕ್ಕೆ ತಾಗಿಸಿ ಬಾಯಿಯ ಹತ್ತಿರ ಹಿಡಿದು, ತಿರುಚದೆ ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಕಿತ್ತದ್ದನ್ನು ಹಿಚುಕದೆ ಸ್ಪಿರಿಟ್ ಬಾಟಲಿಗೆ ಹಾಕಿ, ಗಾಯಕ್ಕೆ ಅಯೋಡಿನ್ ಹಚ್ಚಿ, ಕೈಯನ್ನು ಸೋಪಿನಲ್ಲಿ ತೊಳೆಯಿರಿ.