ಬೆಂಚಿನಿಂದ ಎದ್ದು ಬಂದ ಬ್ರೈಸ್ ಯಂಗ್

2024ರ ಸೆಪ್ಟೆಂಬರ್. ಸೀಸನ್ ಶುರುವಾಗಿ ಎರಡೇ ಪಂದ್ಯ ಆಗಿತ್ತು. ಅಮೆರಿಕನ್ ಫುಟ್‌ಬಾಲ್‌ನ ಕ್ಯಾರೊಲಿನಾ ಪ್ಯಾಂಥರ್ಸ್ ತಂಡ ತನ್ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಬ್ರೈಸ್ ಯಂಗ್ ಅವರನ್ನು ಬೆಂಚಿನಲ್ಲಿ ಕೂರಿಸಿತು. ಒಂದು ಸೋಲು 47–10, ಇನ್ನೊಂದು 26–3. ಅವರ ಎಸೆತದಿಂದ ಒಂದೂ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗಡಿ ದಾಟಿಸಿ ಗಳಿಸುವ ಅಂಕ) ಬಂದಿರಲಿಲ್ಲ. 23ರ ಹುಡುಗನ ಕಥೆ ಮುಗೀತು ಅಂತ ತುಂಬಾ ಜನ ಅಂದುಕೊಂಡರು. ನನಗೆ ಮಾತ್ರ ಅದು ಅನ್ಯಾಯ ಅನಿಸಿತ್ತು. ಯಾಕೆ ಅಂತ ಹೇಳಲು ಒಂದು ವರ್ಷ ಹಿಂದಕ್ಕೆ ಹೋಗಬೇಕು.

ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2023ರಲ್ಲಿ ಯಂಗ್ ಮೊದಲ ಆಯ್ಕೆ. ಆ ಮೊದಲ ಸರದಿ ಪಡೆಯಲು ಪ್ಯಾಂಥರ್ಸ್ ತಂಡವು ಶಿಕಾಗೊ ಬೇರ್ಸ್‌ಗೆ ತನ್ನ ನಾಲ್ಕು ಆಯ್ಕೆಯ ಸರದಿಗಳನ್ನು ಕೊಟ್ಟಿತ್ತು. ಜೊತೆಗೆ ತನ್ನ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್ ಅವರನ್ನೂ ಬಿಟ್ಟುಕೊಟ್ಟಿತ್ತು. ಎಸೆಯುವವರನ್ನು ತಂದರು, ಹಿಡಿಯುವವರನ್ನು ಕಳುಹಿಸಿದರು!

ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಕೈಗೆ ಬಂದ ಮೇಲೆ ಸಿಗುವುದು ಎರಡು ಮೂರು ಸೆಕೆಂಡು. ಅಷ್ಟು ಹೊತ್ತು ಎದುರಾಳಿಗಳನ್ನು ತಡೆಯುವುದು ಮುಂದಿನ ಸಾಲಿನ ಐವರ ಕೆಲಸ. ಆ ವರ್ಷ ಆ ಸಾಲು ಪದೇ ಪದೇ ಒಡೆಯಿತು. ಯಂಗ್ 62 ಸಲ ಚೆಂಡಿನ ಸಮೇತ ನೆಲಕ್ಕೆ ಬಿದ್ದರು. ಅವರ ಎತ್ತರವೂ 5 ಅಡಿ 10 ಇಂಚು, ಈ ಜಾಗಕ್ಕೆ ಕಡಿಮೆಯೇ. ನವೆಂಬರ್‌ನಲ್ಲಿ ಕೋಚ್ ಫ್ರಾಂಕ್ ರೈಕ್ ಅವರನ್ನು ತೆಗೆದುಹಾಕಿದರು. ಯಂಗ್ ಆಡಿದ 16 ಪಂದ್ಯಗಳಲ್ಲಿ ಗೆಲುವು ಎರಡೇ. ಇಷ್ಟೆಲ್ಲ ಆದ ಮೇಲೆ ಹೊಸ ಹುಡುಗನ ಧೈರ್ಯ ಕುಗ್ಗದೆ ಇರುತ್ತಾ?

ಆಸೆ ಹುಟ್ಟಿಸಿದ್ದು ಹೊಸ ಕೋಚ್ ಡೇವ್ ಕನಾಲೆಸ್. ಸಿಯಾಟಲ್‌ನಲ್ಲಿ ಅವರು ಕ್ವಾರ್ಟರ್‌ಬ್ಯಾಕ್ ಕೋಚ್ ಆಗಿದ್ದಾಗ, ವರ್ಷಗಟ್ಟಲೆ ಬದಲಿ ಆಟಗಾರರಾಗಿ ಕೂತಿದ್ದ ಜೀನೊ ಸ್ಮಿತ್ 2022ರಲ್ಲಿ ಮತ್ತೆ ಮಿಂಚಿದರು. ಮರುವರ್ಷ ಕನಾಲೆಸ್ ಟ್ಯಾಂಪಾ ತಂಡಕ್ಕೆ ಹೋದಾಗ ಮಿಂಚುವ ಸರದಿ ಬೇಕರ್ ಮೇಫೀಲ್ಡ್ ಅವರದು. ಮೇಫೀಲ್ಡ್ ಕೂಡ ಒಂದು ಕಾಲದ ಮೊದಲ ಆಯ್ಕೆಯೇ. ಇದೇ ಪ್ಯಾಂಥರ್ಸ್ ಅವರನ್ನು ಸೀಸನ್ ಮಧ್ಯದಲ್ಲೇ ಕೈಬಿಟ್ಟಿತ್ತು. ಈ ಸಲ ರಾಬರ್ಟ್ ಹಂಟ್, ಡೇಮಿಯನ್ ಲೂಯಿಸ್ ಬಂದು ಮುಂದಿನ ಸಾಲೂ ಗಟ್ಟಿಯಾಗಿತ್ತು.

ಹಾಗಿದ್ದರೂ ಬೆಂಚೇ ಗತಿಯಾಯಿತು. ಯಂಗ್ ಮೈದಾನದ ಅಂಚಿನಲ್ಲಿ ನಿಂತು, ತಮ್ಮ ಬದಲಿಗೆ ಆಡುತ್ತಿದ್ದ ಅನುಭವಿ ಆ್ಯಂಡಿ ಡಾಲ್ಟನ್ ಅವರ ಆಟ ನೋಡಿದರು. ಅಕ್ಟೋಬರ್ ಕೊನೆಗೆ ಡಾಲ್ಟನ್ ಕಾರು ಅಪಘಾತದಲ್ಲಿ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡರು. ಚೆಂಡು ಮತ್ತೆ ಯಂಗ್ ಕೈಗೆ ಬಂತು.

ಡೆನ್ವರ್‌ನಲ್ಲಿ ಸೋತರು, ಆದರೆ ಎರಡು ಟಚ್‌ಡೌನ್ ಎಸೆದರು. ಆಮೇಲೆ ಸೇಂಟ್ಸ್ ವಿರುದ್ಧ ಒಂದು ಅಂಕದ ಗೆಲುವು. ಮ್ಯೂನಿಕ್‌ನಲ್ಲಿ ಜೈಂಟ್ಸ್ ವಿರುದ್ಧವೂ ಗೆದ್ದರು. ಚೀಫ್ಸ್ ಗೆದ್ದದ್ದು ಕೊನೇ ಗಳಿಗೆಯ ಕಿಕ್‌ನಿಂದ, 30–27. ಈಗಲ್ಸ್ ಎದುರು ಯಂಗ್ ಎಸೆದ ಚೆಂಡು ಗೆಲುವಿನ ಗಡಿಯಲ್ಲಿ ರಿಸೀವರ್ ಕೈ ಸೇರಿತ್ತು. ಹಿಡಿತಕ್ಕೆ ನಿಲ್ಲಲಿಲ್ಲ ಅಷ್ಟೆ. ನನ್ನ ಲೆಕ್ಕದಲ್ಲಿ ಅವರ ಅತಿ ಒಳ್ಳೆಯ ಎಸೆತಗಳಲ್ಲಿ ಅದೂ ಒಂದು.

2025ರ ಜನವರಿ 5, ಅಟ್ಲಾಂಟಾ. ಪ್ಲೇಆಫ್ ಆಸೆ ಎಂದೋ ಮುಗಿದಿತ್ತು. ಯಂಗ್ ಎಸೆದು ಮೂರು, ಓಡಿ ಎರಡು ಟಚ್‌ಡೌನ್ ಗಳಿಸಿದರು. ಹೆಚ್ಚುವರಿ ಸಮಯದಲ್ಲಿ ಪ್ಯಾಂಥರ್ಸ್ 44–38ರಿಂದ ಗೆದ್ದಿತು. ಅದು ಆ ಸೀಸನ್‌ನ ಐದನೇ ಗೆಲುವು.