ಜಕಾತ್ ಸಂಬಳದ ಮೇಲಲ್ಲ, ಉಳಿದದ್ದರ ಮೇಲೆ

ರಂಜಾನ್ ಹತ್ತಿರ ಬಂತೆಂದರೆ ನನ್ನ ಮೇಜಿನ ಮುಂದೆ ಕೂತವರು ಮೊದಲು ಹೇಳುವ ಮಾತು ಒಂದೇ. "ಸರ್, ವರ್ಷದ ಸಂಬಳ ಇಷ್ಟು, ಎರಡೂವರೆ ಪರ್ಸೆಂಟ್ ಎಷ್ಟಾಗುತ್ತೆ ನೋಡಿ." ಲೆಕ್ಕ ಬರೆಯುವುದೇ ನನ್ನ ಕಸುಬು. ಆದರೂ ಈ ಮಾತು ಕೇಳಿದ ಕೂಡಲೇ ಪೆನ್ನು ಕೆಳಗಿಡುತ್ತೇನೆ.

ಜಕಾತ್, ಅಂದರೆ ಉಳ್ಳ ಮುಸ್ಲಿಮರು ಪ್ರತಿ ವರ್ಷ ಕೊಡಲೇಬೇಕಾದ ದಾನ, ಆದಾಯ ತೆರಿಗೆಯಲ್ಲ. ನಿಮಗೆ ಎಷ್ಟು ಬಂತು ಅಂತ ಅದು ಕೇಳುವುದಿಲ್ಲ, ನಿಮ್ಮ ಹತ್ತಿರ ಎಷ್ಟು ಉಳಿದಿದೆ ಅಂತ ಕೇಳುತ್ತದೆ. ನಿಸಾಬ್, ಅಂದರೆ ಸುಮಾರು 85 ಗ್ರಾಂ ಚಿನ್ನ ಅಥವಾ 595 ಗ್ರಾಂ ಬೆಳ್ಳಿಯ ಬೆಲೆಯಷ್ಟು ಆಸ್ತಿ ನಿಮ್ಮ ಕೈಯಲ್ಲಿದ್ದು ಒಂದು ವರ್ಷ ತುಂಬಬೇಕು. (ಹನಫಿ ಎಂಬ ಧರ್ಮಶಾಸ್ತ್ರ ಪಂಥದ ವಿದ್ವಾಂಸರಲ್ಲಿ ಹಲವರು 87.48 ಮತ್ತು 612.36 ಗ್ರಾಂ ಹಿಡಿಯುತ್ತಾರೆ.) ಆ ಇಡೀ ಆಸ್ತಿಯ ಮೇಲೆ 2.5 ಪರ್ಸೆಂಟ್. ಬಂದ ಸಂಬಳ ಬಾಡಿಗೆ, ಮನೆ ಖರ್ಚು, ಮಕ್ಕಳ ಫೀಸಿಗೆ ಕರಗಿ ಹೋಗಿದ್ದರೆ ಅದಕ್ಕೆ ಜಕಾತ್ ಇಲ್ಲ. ವಾಸದ ಮನೆ, ಓಡಿಸುವ ಗಾಡಿ, ಕೆಲಸದ ಉಪಕರಣ ಇವೂ ಲೆಕ್ಕಕ್ಕೆ ಬರುವುದಿಲ್ಲ.

ಇದು ಉಲ್ಟಾನೂ ಆಗುತ್ತದೆ, ನನಗೆ ಜಾಸ್ತಿ ಬೇಜಾರಾಗುವುದು ಅಲ್ಲೇ. ಕೆಲಸ ಬಿಟ್ಟು ಎರಡು ವರ್ಷ ಆಗಿದ್ದ ಒಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ, ಐದು ಹೊತ್ತು ನಮಾಜು ತಪ್ಪಿಸದವರು. "ಈಗ ಆದಾಯ ಇಲ್ಲವಲ್ಲ, ಜಕಾತ್ ಎಲ್ಲಿಂದ?" ಅಂದರು. ಪಾಸ್‌ಬುಕ್ ಬಿಡಿಸಿ ನೋಡಿದರೆ ಹತ್ತು ಲಕ್ಷ ಅಲುಗಾಡದೆ ಕೂತಿದೆ. ಆ ಹಣಕ್ಕೆ ವರ್ಷಕ್ಕೆ 25,000 ಕೊಡಬೇಕು ಅಂದೆ. "ಅದಕ್ಕೆ ಒಮ್ಮೆ ಕೊಟ್ಟಾಗಿದೆ" ಅಂದರು. ಒಮ್ಮೆ ಕೊಟ್ಟರೆ ಮುಗಿಯುವುದಿಲ್ಲ. ಹಣ ನಿಸಾಬಿಗಿಂತ ಮೇಲಿರುವವರೆಗೂ ಪ್ರತಿ ವರ್ಷ, ಉಳಿದಷ್ಟರ ಮೇಲೆ, ಕೊಡಲೇಬೇಕು. ಅವರು ಸುಮ್ಮನೆ ಕೂತು ಬೆರಳು ಮಡಿಚಿ ಬಿಟ್ಟುಹೋದ ವರ್ಷ ಎಣಿಸಿದರು. ಅದೂ ಬಾಕಿಯೇ ಅಲ್ವಾ ಅಂತ ಅವರೇ ಕೇಳಿದರು. ಹೌದು, ಬಾಕಿಯೇ.

ಇನ್ನು ವರ್ಷ ಅಂದರೆ ಹಿಜರಿ ವರ್ಷ, ಅಂದರೆ ಚಂದ್ರನನ್ನು ನೋಡಿ ಎಣಿಸುವ ಇಸ್ಲಾಮಿ ವರ್ಷ, ಸುಮಾರು 354 ದಿನ. ಜನವರಿಯಿಂದ ಡಿಸೆಂಬರ್ ಹಿಡಿದರೆ ಪ್ರತಿ ಸಲ ಹತ್ತು ಹನ್ನೊಂದು ದಿನ ಜಾರುತ್ತದೆ, ಮೂವತ್ಮೂರು ವರ್ಷಕ್ಕೆ ಇಡೀ ಒಂದು ಜಕಾತ್ ತಪ್ಪಿಹೋಗುತ್ತದೆ. ರಂಜಾನಿನಲ್ಲೇ ಕೊಡಬೇಕು ಅಂತಲೂ ಇಲ್ಲ. ನಿಮ್ಮ ವರ್ಷ ಸಫರ್ ತಿಂಗಳಲ್ಲಿ ತುಂಬಿದರೆ ಸಫರ್‌ನಲ್ಲೇ ಕೊಡಿ, ರಂಜಾನ್‌ವರೆಗೆ ಬಡವರನ್ನು ಕಾಯಿಸಬೇಡಿ. ಈದ್ ನಮಾಜಿಗೆ ಮುಂಚೆ ತಲೆಗಿಷ್ಟು ಅಂತ ಕೊಡುವ ಫಿತ್ರ್ ಜಕಾತ್ ಬೇರೆ, ಅದನ್ನು ಇದರಲ್ಲಿ ಕಳೆಯಬೇಡಿ.

ಮೈಮೇಲಿನ ಒಡವೆ ವಿಷಯದಲ್ಲಿ ಮಾತ್ರ ನಾನು ತೀರ್ಪು ಕೊಡುವುದಿಲ್ಲ. ಹನಫಿಗಳಲ್ಲಿ ಅದಕ್ಕೂ ಜಕಾತ್ ಇದೆ. ಇನ್ನೊಂದು ಪಂಥವಾದ ಶಾಫಿಗಳಲ್ಲಿ ಮಾಮೂಲಾಗಿ ಧರಿಸುವ ಒಡವೆಗೆ ಇಲ್ಲ. ಸಾಲ ಕಳೆಯುವ ಲೆಕ್ಕದಲ್ಲೂ ಹೀಗೇ ಭಿನ್ನಾಭಿಪ್ರಾಯ ಇದೆ. ನಿಮ್ಮ ಮದ್‌ಹಬ್ (ಪಂಥ) ತಿಳಿದ ಆಲಿಮರನ್ನು (ವಿದ್ವಾಂಸರನ್ನು) ಕೇಳಿಕೊಂಡು ಬನ್ನಿ, ಕೂಡಿ ಕಳೆಯುವುದು ನನಗಿರಲಿ. ಬರುವಾಗ ಸಂಬಳದ ಚೀಟಿ ಬೇಡ. ಪಾಸ್‌ಬುಕ್, ಚಿನ್ನದ ತೂಕ, ಅಂಗಡಿಯಿದ್ದರೆ ಮಾರಾಟಕ್ಕಿಟ್ಟ ಸರಕಿನ ಪಟ್ಟಿ, ಜೊತೆಗೆ ನಿಮ್ಮ ಆಸ್ತಿ ಮೊದಲ ಸಲ ನಿಸಾಬ್ ಮುಟ್ಟಿದ ಹಿಜರಿ ತಾರೀಖು, ಇಷ್ಟು ತನ್ನಿ.